ಶಿರಸಿಯ ಜಗಲಿ ಮನೆಪಾಠ: ಛೇದವನ್ನು ಮೊದಲು ನೋಡಲು ಕಲಿಸುವ ಅಕ್ಕೋರು

ಶಿರಸಿಯ ಐದು ರಸ್ತೆಯಿಂದ ಸ್ವಲ್ಪ ಒಳಗೆ ಹೋದರೆ ಈ ಮನೆ. ಬೋರ್ಡು ಇಲ್ಲ, ಕ್ಲಾಸಿಗೆ ಹೆಸರೂ ಇಲ್ಲ. ನಿವೃತ್ತ ಅಕ್ಕೋರು ಒಬ್ಬರು ಜಗಲಿಯಲ್ಲೇ ಗಣಿತ ಹೇಳಿಕೊಡುತ್ತಾರೆ. ಜೂನ್‌ನಿಂದ ಮಗಳನ್ನು ಕಳಿಸುತ್ತಿದ್ದೇನೆ.

ಮೊದಲು ಮೊಬೈಲ್‌ನ ಒಂದು ಕೋರ್ಸಿಗೆ ದುಡ್ಡು ಕಟ್ಟಿದ್ದೆವು. ಅಲ್ಲಿ ಅವಳು ಕಲಿತದ್ದು ಮೇಲೆ ಕೆಳಗೆ ಒಂದೇ ಕಂಡರೆ ಹೊಡೆದುಹಾಕುವುದು. (ಎಕ್ಸ್ ವರ್ಗ − 9) / (ಎಕ್ಸ್ − 3) ಕೊಟ್ಟರೆ ಥಟ್ಟನೆ ಎಕ್ಸ್ + 3 ಎನ್ನುತ್ತಿದ್ದಳು. ಎಕ್ಸ್‌ನ ಯಾವ ಬೆಲೆಗೆ ಇದು ಅರ್ಥಹೀನವಾಗುತ್ತದೆ ಎಂದು ಕೇಳಿದರೆ, ಯಾವುದಕ್ಕೂ ಇಲ್ಲ ಎಂಬ ಉತ್ತರ. ತಪ್ಪು ಎಲ್ಲಿ ಎಂದು ನನಗೂ ಹೇಳಲು ಬರಲಿಲ್ಲ.

ಅಕ್ಕೋರು ಮೊದಲ ದಿನ ಸೂತ್ರ ಬರೆಸಲೇ ಇಲ್ಲ. ಹನ್ನೆರಡು ಚಾಲಿ ಅಡಿಕೆ ಚಾಪೆಯ ಮೇಲೆ ಇಟ್ಟರು. ಮೂರು ಮೂರು ತೆಗೆಯಿರಿ ಎಂದರು. ನಾಲ್ಕೇ ಸಲಕ್ಕೆ ಖಾಲಿ. ಈಗ ಸೊನ್ನೆ ಸೊನ್ನೆ ತೆಗೆಯಿರಿ, ಎಷ್ಟು ಸಲ ಬೇಕು? ಮಕ್ಕಳು ಖಾಲಿ ಕೈ ಆಡಿಸಿದರು. ರಾಶಿ ಹಾಗೇ ಇತ್ತು. ಸೊನ್ನೆಯಿಂದ ಭಾಗಿಸಲು ಏಕೆ ಆಗುವುದಿಲ್ಲ ಎಂದು ಬಾಗಿಲ ಬಳಿ ಕೂತಿದ್ದ ನನಗೂ ಅವತ್ತೇ ತಿಳಿದದ್ದು.

ಆಮೇಲೆ ಒಂದು ಅಭ್ಯಾಸ ಹಿಡಿಸಿದರು. ಲೆಕ್ಕ ಕಂಡ ಕೂಡಲೇ ಅಂಶವನ್ನು, ಅಂದರೆ ಗೆರೆಯ ಮೇಲಿನದನ್ನು, ಅಂಗೈಯಿಂದ ಮುಚ್ಚಬೇಕು. ಕೆಳಗಿನ ಛೇದ ಮಾತ್ರ ನೋಡಬೇಕು. ಅದು ಎಕ್ಸ್ ವರ್ಗ − 5ಎಕ್ಸ್ + 6 ಆಗಿದ್ದರೆ (ಎಕ್ಸ್ − 2)(ಎಕ್ಸ್ − 3) ಎಂದು ಬಿಡಿಸಬೇಕು. ಛೇದವನ್ನು ಸೊನ್ನೆ ಮಾಡುವ 2 ಮತ್ತು 3 ಇಲ್ಲಿ ಹಾಕಬಾರದ ಬೆಲೆಗಳು. ಅವನ್ನು ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ ಬರೆದ ಮೇಲೆಯೇ ಕೈ ತೆಗೆದು ಸುಲಭರೂಪಕ್ಕೆ ಹೋಗಬೇಕು. ಹೊಡೆದುಹಾಕಿದ ಮೇಲೂ ಕೆಂಪಿನಲ್ಲಿ ಬರೆದದ್ದು ಹಾಗೇ ಉಳಿಯುತ್ತದೆ. ಹಳೇ ಲೆಕ್ಕದಲ್ಲಿ 3 ಹಾಕಿದರೆ ಮೇಲೂ ಸೊನ್ನೆ, ಕೆಳಗೂ ಸೊನ್ನೆ ಅಲ್ವಾ? ಮಗಳು ಕಳೆದುಕೊಂಡಿದ್ದು ಆ 3 ಅನ್ನೇ.

ಅಂಶ ಸೊನ್ನೆಯಾದರೆ ಹೆದರಬೇಡಿ ಎಂದೂ ಹೇಳಿಕೊಡುತ್ತಾರೆ. (ಎಕ್ಸ್ − 5) / (ಎಕ್ಸ್ + 2) ರಲ್ಲಿ 5 ಹಾಕಿದರೆ ಉತ್ತರ ಸೊನ್ನೆ, ಅಷ್ಟೇ. ತೊಂದರೆ ಇರುವುದು −2 ರಲ್ಲಿ. ಛೇದ ಎಕ್ಸ್ ವರ್ಗ + 4 ಇದ್ದರೆ ಯಾವ ವಾಸ್ತವ ಸಂಖ್ಯೆಗೂ ಅದು ಸೊನ್ನೆ ಆಗುವುದಿಲ್ಲ. ಸುಮ್ನೆ ಹುಡುಕಿ ಸುಸ್ತಾಗುವ ಮಕ್ಕಳಿಗೆ ಇದು ಗೊತ್ತಿರಬೇಕು.

ಕೊರತೆಯೂ ಇದೆ. ಜಗಲಿ ಚಿಕ್ಕದು, ಮಕ್ಕಳು ಜಾಸ್ತಿ. ಮಳೆಗಾಲದಲ್ಲಿ ತಗಡಿನ ಮಾಡಿನ ಸದ್ದಿಗೆ ಹಿಂದೆ ಕೂತವರಿಗೆ ಏನೂ ಕೇಳುವುದಿಲ್ಲ. ಕರೆಂಟು ಹೋದರೆ ಪಾಠ ನಿಂತಂತೆಯೇ. ಪಾಠ ನಿಧಾನ, ಬೇಗ ಪುಸ್ತಕ ಮುಗಿಸಬೇಕು ಎನ್ನುವವರಿಗೆ ಸರಿಹೋಗಲಿಕ್ಕಿಲ್ಲ. ನನಗೆ ಮಾತ್ರ ಆ ನಿಧಾನವೇ ಇಷ್ಟವಾಯಿತು.

ಮೊನ್ನೆ ರಾತ್ರಿ ಮಗಳು ಊಟದ ಮೇಜಿನ ಮೇಲೆ ಲೆಕ್ಕ ಮಾಡುತ್ತಿದ್ದಳು. ಎಡಗೈ ಅಂಶದ ಮೇಲಿತ್ತು. ಕೆಂಪು ಪೆನ್ನು ಹುಡುಕಿಕೊಡು ಅಪ್ಪಾ ಎಂದಳು.