ಇಂಗ್ಲಿಷ್ ಮೇಷ್ಟ್ರಿಗೊಂದು ಚಾಕ್‌ಪೀಸ್ ಪೆಟ್ಟಿಗೆ: ಸಾಗರದ ಒಂದು ಗುಡಿಗಾರರ ಅಂಗಡಿ

ನಮ್ಮ ಇಂಗ್ಲಿಷ್ ಮೇಷ್ಟ್ರು ಜೂನ್ 30ಕ್ಕೆ ರಿಟೈರ್ ಆದರು. ಸಾಗರ, ಹೊಸನಗರದ ನಡುವಿನ ಅನುದಾನಿತ ಹೈಸ್ಕೂಲು. ವರ್ಗಾವಣೆ ಇಲ್ಲದ್ದರಿಂದ 31 ವರ್ಷ ಅಲ್ಲೇ. ಐದನೇ ಕ್ಲಾಸಿನಲ್ಲಿ ಎಬಿಸಿಡಿ ಶುರು ಮಾಡಿದ ನಮ್ಮಂಥವರನ್ನು ಎಸ್ಸೆಸ್ಸೆಲ್ಸಿ ದಾಟಿಸಿದವರು.

ನಮ್ಮ ಬ್ಯಾಚಿನ 19 ಜನ ಇನ್ನೂರಿನ್ನೂರು ಹಾಕಿದೆವು. ಒಟ್ಟು 3,800. ಚಿನ್ನದ ಬಣ್ಣ ಬಳಿದ ಫೈಬರ್ ಫಲಕ ಬೇಡ ಅಂತ ನಾನೇ ಹಟ ಹಿಡಿದೆ. ಅಂಥವು ಅವರ ಮನೆಯ ಶೋಕೇಸಿನಲ್ಲಿ ಆಗಲೇ ಸಾಲಾಗಿ ನಿಂತಿವೆ. ಮೇಷ್ಟ್ರು ಹಳೇ ಕನ್ನಡಕದ ಡಬ್ಬಿಯಲ್ಲಿ ಚಾಕ್‌ಪೀಸ್ ಇಟ್ಟುಕೊಂಡು ಬರುತ್ತಿದ್ದರು. ಬೋರ್ಡಿನ ಮೇಲೆ ಕಿರುಗುಡಬಾರದು ಅಂತ ಪ್ರತಿಯೊಂದನ್ನೂ ಮುರಿದೇ ಬರೆಯುತ್ತಿದ್ದರು. ಆ ಡಬ್ಬಿ ನೆನಪಾಗಿ, ಮರದ ಚಾಕ್‌ಪೀಸ್ ಪೆಟ್ಟಿಗೆ ಮಾಡಿಸೋಣ ಅಂತಾಯಿತು.

ಸಾಗರ, ಸೊರಬದ ಕಡೆ ಗುಡಿಗಾರರ, ಅಂದರೆ ತಲೆತಲಾಂತರದಿಂದ ಮರ, ಗಂಧ ಕೆತ್ತುವವರ ಕೆಲಸ ಎಲ್ಲರಿಗೂ ಗೊತ್ತಿರುವುದೇ. ಘಟ್ಟ ಇಳಿದರೆ ಕುಮಟಾ, ಹೊನ್ನಾವರದಲ್ಲೂ ಇದ್ದಾರೆ. ನಾವು ಹೋದದ್ದು ಸಾಗರ ಪೇಟೆಯ ಒಂದು ಪುಟ್ಟ ಅಂಗಡಿಗೆ. ಬೋರ್ಡೇ ಇಲ್ಲ. ಮುಂದೆ ಅಂಗಡಿ, ಹಿಂದೆ ಕೆಲಸದ ಜಗಲಿ. ಗಂಧದ್ದು ಕೇಳಿದೆವು. ‘ಅದು ತೂಕದ ಲೆಕ್ಕ ಮಾರಾಯ್ರೇ, ನಿಮ್ಮ ದುಡ್ಡಿಗೆ ಮುಚ್ಚಳದ ಹಿಡಿಕೆ ಬರಬಹುದು’ ಅಂದರು. ಅವರೇ ಶಿವನೆ ಮರ ತೋರಿಸಿದರು. ಹಗುರ, ಉಳಿಗೆ ಚೆನ್ನಾಗಿ ಬಗ್ಗುತ್ತದೆ. ಮುಚ್ಚಳ ಜಾರಿಸುವ ಪೆಟ್ಟಿಗೆ, ಹತ್ತಿಂಚು ಉದ್ದ, ಒಳಗೆ ಎರಡು ಖಾನೆ. ಒಂದು ಬಿಳಿ ಚಾಕಿಗೆ, ಇನ್ನೊಂದು ಬಣ್ಣದ್ದಕ್ಕೆ. 3,200 ರೂಪಾಯಿ, 15 ದಿನ. ಹೇಳಿದ ದಿನಕ್ಕೆ ಎರಡು ದಿನ ಮೊದಲೇ ಫೋನ್ ಬಂತು.

ಕೆಲಸ ಹೇಗಿದೆ ಅಂದರೆ, ಅಂಚಿನುದ್ದಕ್ಕೂ ಒಂದೇ ಬಳ್ಳಿ. ಎಲ್ಲಿ ಶುರು, ಎಲ್ಲಿ ಮುಗಿಯಿತು ಅಂತ ಬೆರಳಾಡಿಸಿ ಹುಡುಕಿದೆ, ಸಿಗಲಿಲ್ಲ. ಎಲೆಯ ನರ ಕೂದಲಷ್ಟು ಸಣ್ಣ. ಅದನ್ನು ಕೆತ್ತಿದ್ದು ಛತ್ರಿ ಕಡ್ಡಿ ಮಸೆದು ಮಾಡಿಕೊಂಡ ಉಳಿಯಿಂದ! ಕೇಳಿದ್ದಕ್ಕೆ ತೆಗೆದು ತೋರಿಸಿದರು.

ಈಗ ತಪ್ಪಿನ ವಿಷಯ. ಮುಚ್ಚಳದ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬೇಕಿತ್ತು. ತರಲು ಹೋದಾಗ ನೋಡಿದರೆ ‘ರಿಟೈರ್‌ಮೆಂಟ್’ ಪದದ ನಡುವಿನ ‘ಇ’ (e) ನಾಪತ್ತೆ. ನಾನು ದಬಾಯಿಸಲು ಬಾಯಿ ತೆರೆದೆ. ಅವರು ಸುಮ್ನೆ ಮೊಬೈಲ್ ತೆಗೆದು ನಾನೇ ಕಳಿಸಿದ ಮೆಸೇಜ್ ತೋರಿಸಿದರು. ಅದರಲ್ಲೂ ‘ಇ’ ಇಲ್ಲ. ನಂದು ಡಿಟಿಪಿ, ಜೆರಾಕ್ಸ್ ಅಂಗಡಿ, ದಿನಾ ಬೇರೆಯವರ ಅರ್ಜಿ ಟೈಪ್ ಮಾಡುವವನು. ಎಲ್ಲಿ ಮುಖ ಇಟ್ಟುಕೊಳ್ಳಲಿ?

ಎಂಟನೇ ಕ್ಲಾಸಿನಲ್ಲಿ ಮೇಷ್ಟ್ರು ಇದನ್ನೇ ಹೇಳಿಕೊಟ್ಟಿದ್ದರು. ‘ಮಾತಾಡದ ಅಕ್ಷರ ಅಂದ್ರೆ ಮನೆಯ ಅಜ್ಜನ ಹಾಗೆ ಕಣ್ರೋ. ಬಾಯಿ ಬಿಡಲ್ಲ. ಹಾಗಂತ ಪಂಕ್ತಿಯಲ್ಲಿ ಎಲೆ ಹಾಕದೇ ಇರ್ತೀರಾ?’

ಗುಡಿಗಾರರು ಬೈಯಲಿಲ್ಲ. ಮುಚ್ಚಳವನ್ನು ಕೀಸುಳಿ ಹಾಕಿ ಹೆರೆದು, ಹೊಸದಾಗಿ ಅಕ್ಷರ ಕೆತ್ತಿ, ಮಾರನೇ ದಿನ ಸಂಜೆಗೆ ಕೊಟ್ಟರು. ಜಾಸ್ತಿ ದುಡ್ಡು ಕೊಡಲು ಹೋದರೆ ಬೇಡ ಅಂದರು. ಆದರೆ ಮುಚ್ಚಳ ತೆಳ್ಳಗಾಗಿ, ಜಾರುವ ಕಚ್ಚಿನಲ್ಲಿ ಸಡಿಲವಾಯಿತು. ಅಲ್ಲಾಡಿಸಿದರೆ ಲಟಲಟ. ಬೇರೆ ಹಲಗೆ ಹಾಕಬಹುದಿತ್ತು ಅಂತ ನನಗೆ ಈಗಲೂ ಅನಿಸುತ್ತದೆ, ಸಮಯ ಇರಲಿಲ್ಲ ನಿಜ. ಇನ್ನೊಂದು, ಪೆಟ್ಟಿಗೆಯನ್ನು ಹಳೇ ಪೇಪರಿನಲ್ಲಿ ಸುತ್ತಿ ಕೊಡುತ್ತಾರೆ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲ ನೀವೇ ಒಯ್ಯಿರಿ.

ಸಮಾರಂಭ ಎಲ್ಲ ಸಮಾರಂಭದ ಹಾಗೇ ಆಯಿತು. ಹಾರ, ಶಾಲು, ಕೈಕೊಡುವ ಮೈಕು, ಉದ್ದುದ್ದ ಭಾಷಣ. ಮೇಷ್ಟ್ರು ಪೆಟ್ಟಿಗೆ ತಗೊಂಡವರೇ ಮೊದಲು ಅಕ್ಷರ ಓದಿದರು. ಆಮೇಲೆ ಮುಚ್ಚಳ ಅಲ್ಲಾಡಿಸಿ, ‘ಇದ್ಯಾಕೋ ತೆಳ್ಳಗಿದೆ?’ ಅಂದರು. ನಾನು ನಿಜ ಹೇಳಿದೆ. ಅವರು ನಕ್ಕದ್ದು ಆ ಕೆಟ್ಟ ಮೈಕಿನಲ್ಲೂ ಹಿಂದಿನ ಬೆಂಚಿನವರೆಗೆ ಕೇಳಿಸಿತು.

ಮೊನ್ನೆ ಆಗಸ್ಟಿನಲ್ಲಿ ಅವರ ಮನೆಗೆ ಹೋಗಿದ್ದೆ. ಪೆಟ್ಟಿಗೆ ಜಗಲಿಯ ಮೇಲೇ ಇತ್ತು. ಮಳೆಗೆ ಮರ ಉಬ್ಬಿ ಮುಚ್ಚಳ ಸರಿಯಾಗಿ ಕೂತಿದೆ, ಲಟಲಟ ಇಲ್ಲ. ಬೇಸಿಗೆಗೆ ಏನಾಗುತ್ತೋ ನೋಡಬೇಕು. ಜಾರಿಸಿ ತೆರೆದೆ. ಬಿಳಿ ಚಾಕಿನ ಖಾನೆಯಲ್ಲಿ ಸುಣ್ಣದ ಡಬ್ಬಿ, ಬಣ್ಣದ ಚಾಕಿನ ಖಾನೆಯಲ್ಲಿ ಅಡಿಕೆ ಹೋಳು.

‘ಶಾಲೆಯಲ್ಲಿ ಕವಳ ಹಾಕೋ ಹಾಗಿರಲಿಲ್ಲ ನೋಡು’ ಅಂದರು ಮೇಷ್ಟ್ರು. ‘ಇದರಲ್ಲಿ ಅಡಿಕೆ ಮೆತ್ತಗಾಗಲ್ಲ. ತಗೋ, ನೀನೂ ಒಂದು ಹಾಕು.’