ಜಾನಪದ ಲೋಕ, ದಕ್ಷಿಣಚಿತ್ರ, ಮಣಿಪಾಲ, ಗೊಟಗೋಡಿ: ಮನೆಮಂದಿಯನ್ನು ಕರೆದುಕೊಂಡು ಹೊರಟರೆ ಯಾವುದು ಮೇಲು?

ಎಂಟು-ಹತ್ತು ವರ್ಷದ ಮಕ್ಕಳು ಜತೆಗಿದ್ದರೆ ಚೆನ್ನೈ ಬಳಿಯ ದಕ್ಷಿಣಚಿತ್ರ. ಹಳ್ಳಿಯಲ್ಲಿ ಬೆಳೆದ ಅಜ್ಜ-ಅಜ್ಜಿ ಇದ್ದರೆ ರಾಮನಗರದ ಜಾನಪದ ಲೋಕ. ಹಳೇ ಮನೆ, ಮರಗೆಲಸ ಅಂದರೆ ಊಟ ಮರೆಯುವ ದೊಡ್ಡವರು ಮಾತ್ರ ಹೊರಟಿದ್ದರೆ ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್. ಚಿಕ್ಕಪ್ಪ-ದೊಡ್ಡಪ್ಪಂದಿರ ಮಕ್ಕಳೆಲ್ಲ ಸೇರಿ ಟೆಂಪೊ ಮಾಡಿಕೊಂಡು ಹೊರಡುವ ದಂಡಾದರೆ ಹಾವೇರಿ ಜಿಲ್ಲೆಯ ಗೊಟಗೋಡಿಯ ಉತ್ಸವ್ ರಾಕ್ ಗಾರ್ಡನ್.

ನಾಲ್ಕನ್ನೂ ಜನ ‘ಹಳೇ ಕಾಲದ ಹಳ್ಳಿ ಥರಾ ಮಾಡಿದ್ದಾರಲ್ಲ, ಅದು’ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಆದರೆ ಜಾನಪದ ಲೋಕ ತೋರಿಸುವುದು ಸಾಮಾನು, ದಕ್ಷಿಣಚಿತ್ರ ತೋರಿಸುವುದು ಮನೆಯ ಜತೆಗೆ ಕೆಲಸ ಮಾಡುವ ಕೈ, ಹಸ್ತಶಿಲ್ಪ ತೋರಿಸುವುದು ಮನೆಯನ್ನೇ, ಗೊಟಗೋಡಿ ತೋರಿಸುವುದು ಪ್ರತಿಮೆ. ಇದನ್ನು ತಿಳಿಯದೆ ಹೋದವರೇ ‘ಅಲ್ಲೇನಿದೆ ಮಣ್ಣು’ ಎಂದು ಗೊಣಗುತ್ತಾ ವಾಪಸ್ ಬರುವುದು.

ಜಾನಪದ ಲೋಕ

ನಿವೃತ್ತ ಐಎಎಸ್ ಅಧಿಕಾರಿ ಎಚ್.ಎಲ್. ನಾಗೇಗೌಡರು ಕಟ್ಟಿದ ಕರ್ನಾಟಕ ಜಾನಪದ ಪರಿಷತ್ತಿನದು ಇದು. ಸುಮಾರು 15 ಎಕರೆ. ಬೆಂಗಳೂರಿನಿಂದ 50 ಕಿ.ಮೀ. ಚಿಲ್ಲರೆ ದೂರವಾದ್ದರಿಂದ ಬೆಳಿಗ್ಗೆ ಹೋಗಿ ಮಧ್ಯಾಹ್ನದೊಳಗೆ ಮುಗಿಸಬಹುದು.

ದಾರಿಯಲ್ಲೇ ಮೊದಲ ತೊಡಕು. ಮೈಸೂರು ಎಕ್ಸ್‌ಪ್ರೆಸ್‌ವೇ ರಾಮನಗರ ಊರೊಳಗೆ ಹೋಗುವುದಿಲ್ಲ, ಜಾನಪದ ಲೋಕ ಇರುವುದು ಹಳೇ ಹೆದ್ದಾರಿಯ ಮೇಲೆ. ಬಿಡದಿ ಕಳೆದು ಬೈಪಾಸ್ ಶುರುವಾಗುವ ಮುನ್ನವೇ ಹಳೇ ರಸ್ತೆಗೆ ಇಳಿದುಬಿಡಬೇಕು. ತಪ್ಪಿಸಿಕೊಂಡರೆ ಬಹುದೂರ ಹೋಗಿ ತಿರುಗಿ ಬರುವುದೇ ಗತಿ. 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇಯಲ್ಲಿ ಬೈಕ್, ಆಟೊಗಳಿಗೆ ಪ್ರವೇಶವಿಲ್ಲ, ಅವು ಸರ್ವಿಸ್ ರಸ್ತೆಯಲ್ಲೇ ಬರಬೇಕು. ಬಸ್ಸಾದರೆ ‘ನಾನ್‌ಸ್ಟಾಪ್ ಮೈಸೂರು’ ಹತ್ತಬೇಡಿ, ರಾಮನಗರದಲ್ಲಿ ನಿಲ್ಲುತ್ತದೆಯೇ ಎಂದು ಕಂಡಕ್ಟರ್‌ನನ್ನು ಕೇಳಿಯೇ ಹತ್ತಿ. ಎಲ್ಲಕ್ಕಿಂತ ಸಲೀಸು ರೈಲು: ರಾಮನಗರದಲ್ಲಿ ಇಳಿದು ಆಟೊ ಹಿಡಿದರೆ ಆಯಿತು.

ಒಳಗೆ ಹೋದವರು ಸಾಮಾನ್ಯವಾಗಿ ಮೊದಲು ಕಣ್ಣಿಗೆ ಬಿದ್ದ ಕಟ್ಟಡಕ್ಕೆ ನುಗ್ಗುತ್ತಾರೆ. ಉಲ್ಟಾ ಮಾಡಿ. ತಂಪು ಇರುವಾಗಲೇ ಹೊರಗಿನ ಶಿಲ್ಪಮಾಳ, ಆಯಗಾರರ ಮಾಳ ಮುಗಿಸಿ. ಬಿಸಿಲೇರಿದ ಮೇಲೆ ಲೋಕಮಹಲ್, ದೊಡ್ಡಮನೆ, ಚಿತ್ರಕುಟೀರ ಇವೆಲ್ಲ ನೆರಳಿನ ಕೆಲಸ. ಆಯಗಾರರ ಮಾಳದಲ್ಲಿ ಗಾಣ, ಕುಂಬಾರನ ಚಕ್ರದಂಥ ಕಸುಬಿನ ಸಲಕರಣೆಗಳಿವೆ. ಆಯಗಾರರು ಎಂದರೆ ಯಾರು ಎಂಬುದನ್ನು ಮಕ್ಕಳಿಗೆ ಹೋಗುವ ದಾರಿಯಲ್ಲೇ ಹೇಳಿಬಿಡಿ: ಕಮ್ಮಾರ, ಬಡಗಿ, ಕುಂಬಾರ, ಅಗಸ, ತಳವಾರ, ನೀರಗಂಟಿ ಹೀಗೆ ಊರಿನ ಕೆಲಸ ಮಾಡಿ, ಸುಗ್ಗಿಯಲ್ಲಿ ಕಣದಿಂದಲೇ ದವಸದ ಪಾಲು ಪಡೆಯುತ್ತಿದ್ದವರು. ದುಡ್ಡಿನ ಸಂಬಳವಿಲ್ಲ. ಈ ಒಂದು ಸಂಗತಿ ಗೊತ್ತಿಲ್ಲದಿದ್ದರೆ ಮಾಳ ಬರೀ ಗುಜರಿ ಸಾಮಾನಿನಂತೆ ಕಾಣುತ್ತದೆ.

ಲೋಕಮಹಲಿನ ದೊಡ್ಡ ಕೊರತೆ ವಿವರಣೆಯದು. ವಸ್ತುವಿನ ಹೆಸರು ಸಿಗುತ್ತದೆ, ಬಳಸುವ ಬಗೆ ಸಿಗುವುದಿಲ್ಲ. ಮನೆಯಲ್ಲಿ ಹಿರಿಯರಿದ್ದರೆ ಈ ಕೊರತೆಯೇ ಲಾಭ. ಗೈಡ್ ಹೇಳದ್ದನ್ನೆಲ್ಲ ಅಜ್ಜಿ ಹೇಳುತ್ತಾಳೆ, ಅದಕ್ಕೆ ಸರಿಯಾಗಿ ಕೇಳಬೇಕಷ್ಟೆ. ‘ಇದೇನಜ್ಜಿ?’ ಎಂದರೆ ‘ಬೀಸೋ ಕಲ್ಲು’ ಎಂದು ಮುಗಿಸಿಬಿಡುತ್ತಾಳೆ. ‘ಒಂದು ಸಲಕ್ಕೆ ಎಷ್ಟು ಕಾಳು ಹಾಕ್ತಿದ್ರಿ?’ ಎಂದು ಕೇಳಿ ನೋಡಿ. ಹಿಡಿ ತುಂಬ ಸುರಿದರೆ ಮೇಲಿನ ಕಲ್ಲು ಎದ್ದು ಹಿಟ್ಟು ತರಿತರಿಯಾಗುತ್ತದೆ, ಕಾಳು ಕಡಿಮೆಯಾದರೆ ಕಲ್ಲಿಗೆ ಕಲ್ಲು ಉಜ್ಜಿ ಹಿಟ್ಟಿನಲ್ಲಿ ಮರಳು ಸೇರುತ್ತದೆ, ಒಂದು ಕೈ ಗೂಟ ತಿರುಗಿಸುತ್ತಿರುವಾಗ ಇನ್ನೊಂದು ಕೈ ತಾಳಕ್ಕೆ ಸರಿಯಾಗಿ ಕಾಳು ಬಿಡುತ್ತಿರಬೇಕು — ಇಷ್ಟೂ ಹೊರಗೆ ಬರುತ್ತದೆ, ಜತೆಗೆ ಒಂದೆರಡು ಬೀಸುವ ಪದವೂ ಬಂದೀತು.

ಅಳತೆಯ ಪಾತ್ರೆಗಳ ಮುಂದೆ ಮಕ್ಕಳಿಗೆ ಲೆಕ್ಕ ಕೊಡಿ. ನಾಲ್ಕು ಚಟಾಕಿಗೆ ಒಂದು ಪಾವು, ಎರಡು ಪಾವಿಗೆ ಅಚ್ಚೇರು, ನಾಲ್ಕು ಪಾವಿಗೆ ಸೇರು. ಹಾಗಾದರೆ ಒಂದು ಸೇರಿಗೆ ಎಷ್ಟು ಚಟಾಕು? ಕೊಳಗ, ಖಂಡುಗಕ್ಕೆ ಮಾತ್ರ ಹೋಗಬೇಡಿ. ಅವು ಸೀಮೆಯಿಂದ ಸೀಮೆಗೆ ಬೇರೆ, ತಾತಂದಿರ ನಡುವೆ ಅಲ್ಲೇ ಜಗಳ ಹತ್ತೀತು.

ಸಾದಾ ದಿನಗಳಲ್ಲಿ ಇಲ್ಲಿ ಕುಣಿತ, ಹಾಡು ಇರುತ್ತದೆಂದು ನಂಬಿ ಹೋಗಬೇಡಿ. ಡೊಳ್ಳು, ಕಂಸಾಳೆ, ಪೂಜಾ ಕುಣಿತ ಬೇಕಿದ್ದರೆ ವರ್ಷಕ್ಕೊಮ್ಮೆ ನಡೆಯುವ ಲೋಕೋತ್ಸವಕ್ಕೆ ಹೋಗಬೇಕು. ಆದರೆ ಅಂದು ಜನಜಂಗುಳಿ, ಲೋಕಮಹಲಿನೊಳಗೆ ನಿಂತು ನೋಡಲಾಗದು. ಸಾಮಾನು ನೋಡುವ ದಿನ ಬೇರೆ, ಕುಣಿತ ನೋಡುವ ದಿನ ಬೇರೆ ಇಟ್ಟುಕೊಳ್ಳುವುದೇ ಸರಿ. ಊಟಕ್ಕೆ ಪಕ್ಕದಲ್ಲೇ ಕಾಮತ್ ಲೋಕರುಚಿ ಇದೆ, ಭಾನುವಾರ ಮಧ್ಯಾಹ್ನ ಕಾಯಬೇಕಾಗುತ್ತದೆ.

ದಕ್ಷಿಣಚಿತ್ರ

ಚೆನ್ನೈನಿಂದ ಈಸ್ಟ್ ಕೋಸ್ಟ್ ರಸ್ತೆಯಲ್ಲಿ ಸುಮಾರು 25 ಕಿ.ಮೀ. ದಕ್ಷಿಣಕ್ಕೆ, ಮುಟ್ಟುಕಾಡಿನಲ್ಲಿ. ಮದ್ರಾಸ್ ಕ್ರಾಫ್ಟ್ ಫೌಂಡೇಷನ್ ನಡೆಸುವ ಇದು 1996ರ ಡಿಸೆಂಬರ್‌ನಲ್ಲಿ ಜನರಿಗೆ ತೆರೆಯಿತು. ಹತ್ತು ಎಕರೆ ಜಾಗದ ವಿನ್ಯಾಸದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಕೈ ಇದೆ. ತಮಿಳುನಾಡು, ಕೇರಳ, ಆಂಧ್ರ, ಕರ್ನಾಟಕದ ಮನೆಗಳನ್ನು ಬಿಚ್ಚಿ ತಂದು ಇಲ್ಲಿ ಮತ್ತೆ ಕಟ್ಟಿದ್ದಾರೆ. ಚೆಟ್ಟಿನಾಡಿನ ವರ್ತಕರ ಮನೆ, ಅಗ್ರಹಾರದ ಮನೆ, ಕೇರಳದ ಸಿರಿಯನ್ ಕ್ರೈಸ್ತರ ಮರದ ಮನೆ ಹೀಗೆ. ನಮ್ಮ ಪಾಲಿಗೆ ಇಳಕಲ್ಲಿನ ನೇಕಾರರ ಮನೆ ಮತ್ತು ಚಿಕ್ಕಮಗಳೂರಿನ ಮುಸ್ಲಿಂ ಮನೆ.

ಕನ್ನಡದವರು ಹೋದೊಡನೆ ಇಳಕಲ್ ಮನೆ ಹುಡುಕುವುದು ಸಹಜ, ಆದರೆ ಅದನ್ನು ಕೊನೆಗಿಟ್ಟರೆ ರುಚಿ ಜಾಸ್ತಿ. ಮರ ಧಾರಾಳವಾಗಿರುವ, ಇಳಿಜಾರು ಮಾಡಿನ ಕೇರಳದ ಮನೆ ನೋಡಿದ ಕಣ್ಣಿಗೆ ಬಯಲುಸೀಮೆಯ ಕಲ್ಲುಗೋಡೆ, ಮಟ್ಟಸ ಮಾಳಿಗೆ ಯಾಕೆ ಹಾಗಿದೆ ಎಂಬುದು ತಾನೇ ಹೊಳೆಯುತ್ತದೆ: ಒಂದು ಕಡೆ ಮಳೆ ಹೆಚ್ಚು, ಮರ ಹೆಚ್ಚು, ಇನ್ನೊಂದು ಕಡೆ ಬಿಸಿಲು ಹೆಚ್ಚು, ಕಲ್ಲು ಹೆಚ್ಚು. ಇಳಕಲ್ ಸೀರೆಯ ಬಗ್ಗೆ ಮಕ್ಕಳಿಗೆ ಒಂದು ಗುಟ್ಟು ಹೇಳಿ. ಅದರ ಒಡಲಿನ ಹಾಸೆಳೆಯೂ (ಮಗ್ಗದಲ್ಲಿ ಉದ್ದಕ್ಕೆ ಹಾಸಿದ ನೂಲು) ಸೆರಗಿನ ಹಾಸೆಳೆಯೂ ಬೇರೆ ಬೇರೆ; ಎರಡನ್ನೂ ಮಗ್ಗದ ಮೇಲೆ ಕುಣಿಕೆ ಹಾಕಿ ಜೋಡಿಸುತ್ತಾರೆ. ಅದಕ್ಕೇ ತೋಪು ತೆನಿ ಎನ್ನುವುದು. ಇಳಕಲ್ ಸೀರೆ ಉಟ್ಟ ಅಮ್ಮನೋ ಅಜ್ಜಿಯೋ ಜತೆಗಿದ್ದರೆ ಸೆರಗಿನ ಜೋಡಣೆಯನ್ನು ಅಲ್ಲೇ ತೋರಿಸಬಹುದು.

ಮಕ್ಕಳಿಗೆ ಇದು ಮೇಲೆಂದು ಹೇಳಲು ಕಾರಣ ಮನೆಗಳಲ್ಲ, ಕುಂಬಾರಿಕೆ. ಚಕ್ರದ ಮೇಲೆ ಮಣ್ಣನ್ನು ನಟ್ಟನಡುವೆ ಕೂರಿಸುವುದು ಅರ್ಧ ಕೆಲಸ, ಅದನ್ನು ಕುಂಬಾರರೇ ಮಾಡಿಕೊಡುತ್ತಾರೆ. ಮಗುವಿನ ಪಾಲಿಗೆ ಬರುವುದು ಹೆಬ್ಬೆರಳನ್ನು ನಡುವೆ ಇಳಿಸಿ ಬಾಯಿ ತೆರೆಯುವುದು, ಆಮೇಲೆ ಒಳಗೊಂದು ಬೆರಳು ಹೊರಗೊಂದು ಬೆರಳು ಇಟ್ಟು ಗೋಡೆ ಎಬ್ಬಿಸುವುದು. ಕೆಡುವುದು ಮೂರು ಕಡೆ. ಮೊಣಕೈ ಗಾಳಿಯಲ್ಲಿದ್ದರೆ ಕೈ ಅಲುಗಿ ಮಡಕೆ ಸೊಟ್ಟಗಾಗುತ್ತದೆ, ಆದ್ದರಿಂದ ಮೊಣಕೈಯನ್ನು ತೊಡೆಗೆ ಊರಿಸಿ ಕೂರಿಸಿ. ಎರಡನೆಯದು ನೀರು: ಹೆಚ್ಚು ಚಿಮುಕಿಸಿದರೆ ಗೋಡೆ ಮೆತ್ತಗಾಗಿ ಕುಸಿಯುತ್ತದೆ. ಪೂರ್ತಿ ಒಣಗಿದ ಕೈ ಇಟ್ಟರೆ ಮಣ್ಣು ಅಂಟಿ ಚಕ್ರದಿಂದಲೇ ಕಿತ್ತು ಬರುತ್ತದೆ. ಮೂರನೆಯದು, ಮುಗಿಯಿತೆಂದು ಬೆರಳನ್ನು ಗಬಕ್ಕನೆ ಎಳೆಯುವುದು. ಅಂಚು ಹರಿಯುವುದು ಆಗಲೇ. ನಿಧಾನಕ್ಕೆ ಹಗುರ ಮಾಡುತ್ತಾ ತೆಗೆಯಬೇಕು. ಕೊನೆಗೆ ದಾರ ಹಿಡಿದು ತಳ ಕೊಯ್ದು ಕೈಗಿಡುತ್ತಾರೆ.

ಇನ್ನು ಅದನ್ನು ಊರು ಮುಟ್ಟಿಸುವ ಕಥೆ. ಮನೆಯಿಂದಲೇ ಅಗಲ ಬಾಯಿಯ ಗಟ್ಟಿ ಡಬ್ಬಿ, ಒಂದಷ್ಟು ಹಳೇ ಪೇಪರ್ ಒಯ್ದಿರಿ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿದ ಹಸಿ ಮಡಕೆ ಬಸ್‌ಸ್ಟಾಂಡ್ ಬರುವಷ್ಟರಲ್ಲಿ ಮುದ್ದೆಯಾಗಿರುತ್ತದೆ. ಮನೆಗೆ ಬಂದ ಮೇಲೆ ಬಿಸಿಲಿಗಿಡಬೇಡಿ, ಫ್ಯಾನ್ ಕೆಳಗೂ ಇಡಬೇಡಿ. ತೆಳುವಾದ ಅಂಚು ಬೇಗ ಒಣಗಿ, ದಪ್ಪ ತಳ ಹಸಿಯಾಗಿಯೇ ಉಳಿದು ಬಿರುಕು ಬಿಡುತ್ತದೆ. ನೆರಳಲ್ಲಿ, ಅಂಚು ಗಟ್ಟಿಯಾದ ಮೇಲೆ ಬೋರಲು ಹಾಕಿ, ಎರಡು ಮೂರು ದಿನ. ಸುಡದ ಮಣ್ಣಾದ್ದರಿಂದ ನೀರು ಹಾಕಿದರೆ ಕರಗುತ್ತದೆ, ದೀಪ ಹಚ್ಚಿದರೆ ಎಣ್ಣೆ ಕುಡಿಯುತ್ತದೆ. ಪೆನ್ನು ಇಡಲು ಅಡ್ಡಿಯಿಲ್ಲ.

ಇಂಥ ಚಟುವಟಿಕೆಗಳಿಗೆ ಟಿಕೆಟ್ ಬಿಟ್ಟು ಬೇರೆ ಹಣ ಕೊಡಬೇಕು, ಚಿಲ್ಲರೆ ಇಟ್ಟುಕೊಳ್ಳಿ. ಮಧ್ಯಾಹ್ನ ಊಟದ ಹೊತ್ತಿಗೆ ಕಸುಬುದಾರರು ಎದ್ದು ಹೋಗುತ್ತಾರೆ, ಆದ್ದರಿಂದ ಕೈಕೆಲಸ ಮೊದಲು, ಮನೆ ಆಮೇಲೆ. ವಾರದ ದಿನ ಹೋದರೆ ಶಾಲಾ ಮಕ್ಕಳ ಸಾಲು ಚಕ್ರದ ಮುಂದೆ ಇರುತ್ತದೆ; ವಾರಾಂತ್ಯದಲ್ಲಿ ಸಂಸಾರಗಳ ಸಾಲು. ಬಾಗಿಲು ತೆರೆದ ಕೂಡಲೇ ಒಳಗಿದ್ದರೆ ಎರಡೂ ತಪ್ಪುತ್ತದೆ. ಏಪ್ರಿಲ್-ಮೇ ತಿಂಗಳ ಸೆಕೆಗೆ ಹಿರಿಯರು ಕಂಗಾಲಾಗುತ್ತಾರೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಅಲ್ಲಿ ಮಳೆಗಾಲ. ಜನವರಿ-ಫೆಬ್ರವರಿ ಒಳ್ಳೆಯದು. ಬೆಂಗಳೂರಿನವರಿಗೆ ಒಂದು ರಾತ್ರಿ ತಂಗುವ ಖರ್ಚು ಸೇರುತ್ತದೆ ಎಂಬುದೇ ಇದರ ಮುಖ್ಯ ಅಡ್ಡಿ. ಮಹಾಬಲಿಪುರ ಅದೇ ರಸ್ತೆಯಲ್ಲಿದೆ, ಎರಡನ್ನೂ ಒಂದೇ ದಿನಕ್ಕೆ ತುರುಕಿದರೆ ಎರಡೂ ಕೆಡುತ್ತವೆ.

ಹಸ್ತಶಿಲ್ಪ, ಮಣಿಪಾಲ

ವಿಜಯನಾಥ ಶೆಣೈ ಎಂಬ ಒಬ್ಬರ ಹಟದಿಂದ ಆದದ್ದು. ಕುಂಜೂರು ಚೌಕಿ ಮನೆ, ಹರಕೂರು ಒಳಗಿನ ಮನೆ, ಮಿಯಾರು ಮನೆ, ಭಟ್ಕಳದ ನವಾಯತ ಮುಸ್ಲಿಮರ ಮನೆ, ಕುಕನೂರಿನ ಕಮಲ ಮಹಲ್, ಮುಧೋಳದ ದರ್ಬಾರ್ ಹಾಲ್ ಎಲ್ಲವೂ ಒಂದೇ ಆವರಣದಲ್ಲಿವೆ. ಇಂಥ ಮನೆ ಸಾಗಿಸುವಾಗ ಒಂದೊಂದು ತೊಲೆ, ಕಂಬ, ಕಂಬದ ತಲೆಯ ಮೇಲಿನ ಬೋದಿಗೆಗೂ ನಂಬರ್ ಹಾಕಿ, ಚಿತ್ರ ಬರೆದು ಬಿಚ್ಚುತ್ತಾರೆ. ಮರ ಹೀಗೆ ಬರುತ್ತದೆ, ಮಣ್ಣಿನ ಗೋಡೆ ಬರುವುದಿಲ್ಲ, ಅದನ್ನು ಹೊಸದಾಗಿ ಎಬ್ಬಿಸಲೇಬೇಕು. ಆದ್ದರಿಂದ ಕಣ್ಣು ಗೋಡೆಯ ಮೇಲಲ್ಲ, ಮೇಲಕ್ಕೆ ಇರಲಿ: ಬೋದಿಗೆ, ಮರದ ಹಲಗೆಯ ಮುಚ್ಚಿಗೆ, ಬಾಗಿಲವಾಡ.

ಮರಗೆಲಸದ ಮಟ್ಟಿಗೆ ದಕ್ಷಿಣಚಿತ್ರ ಇದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಗೈಡ್ ಜತೆಗೇ ತಂಡವಾಗಿ ಹೋಗಬೇಕು, ಫೋಟೊ ತೆಗೆಯುವಂತಿಲ್ಲ, ಮುಟ್ಟುವಂತಿಲ್ಲ, ಇಷ್ಟವಾದಲ್ಲಿ ಕುಳಿತುಕೊಳ್ಳುವಂತಿಲ್ಲ. ಐದು ವರ್ಷದ ಮಗುವಿಗೆ ಇದು ಶಿಕ್ಷೆ. ಮಂಡಿನೋವಿನವರಿಗೂ ಅಷ್ಟೇ: ಹೊಸ್ತಿಲುಗಳು ಎತ್ತರ, ಬಾಗಿಲುಗಳು ತಗ್ಗು, ಮೆಟ್ಟಿಲು ಬಹಳ, ಗಾಲಿಕುರ್ಚಿ ಆಗದ ಮಾತು. ಟಿಕೆಟ್ ಕೂಡ ಜಾನಪದ ಲೋಕಕ್ಕಿಂತ ಬಹಳ ದುಬಾರಿ. ತಂಡ ಹೊರಡುವ ಹೊತ್ತನ್ನು ಹಿಂದಿನ ದಿನವೇ ಫೋನ್ ಮಾಡಿ ಕೇಳಿಕೊಳ್ಳಿ. ತಪ್ಪಿದರೆ ಮುಂದಿನ ತಂಡದವರೆಗೆ ಕಾಯಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಮನೆಯಿಂದ ಮನೆಗೆ ಓಡುವುದೇ ಆಗುತ್ತದೆ, ಆದರೂ ಸೂರಂಚಿನಿಂದ ಅಂಗಳಕ್ಕೆ ನೀರು ಸುರಿಯುವುದನ್ನು ನೋಡಬೇಕಿದ್ದರೆ ಅದೇ ಕಾಲ.

ಮಣಿಪಾಲದವರೆಗೆ ಹೋಗಿಯೂ ಮಕ್ಕಳಿಗೆ ಕೈಕೆಲಸವೇ ಬೇಕೆಂದರೆ ಮಂಗಳೂರಿನ ಪಿಲಿಕುಳದ ಕುಶಲಕರ್ಮಿಗಳ ಗ್ರಾಮಕ್ಕೆ ಕರೆದೊಯ್ಯಿರಿ. ಕುಂಬಾರಿಕೆ, ಕೈಮಗ್ಗ, ಬೆತ್ತದ ಕೆಲಸ, ಅವಲಕ್ಕಿ ಕುಟ್ಟುವುದು ಅಲ್ಲಿದೆ, ಪಕ್ಕದಲ್ಲೇ ಗುತ್ತುಮನೆ, ಅಂದರೆ ತುಳುನಾಡಿನ ದೊಡ್ಡ ಮನೆತನದ ಮನೆ. ಎಲ್ಲ ಘಟಕಗಳೂ ಎಲ್ಲ ದಿನವೂ ನಡೆಯುತ್ತಿರುತ್ತವೆ ಎಂದುಕೊಳ್ಳಬೇಡಿ. ಪಿಲಿಕುಳದಲ್ಲೇ ಇರುವ ಪ್ರಾಣಿಸಂಗ್ರಹಾಲಯ ಮೊದಲು ತೋರಿಸಿದರೆ ಮಕ್ಕಳು ಆಮೇಲೆ ಮಗ್ಗದ ಕಡೆ ತಿರುಗಿಯೂ ನೋಡುವುದಿಲ್ಲ.

ಗೊಟಗೋಡಿ

ಶಿಗ್ಗಾವಿ ಬಳಿ, ಪುಣೆ-ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲೇ. ಕಲಾವಿದ ಟಿ.ಬಿ. ಸೊಲಬಕ್ಕನವರ ಮತ್ತು ಅವರ ಬಳಗ ಮಾಡಿದ ಆಳೆತ್ತರದ ಸಾವಿರಕ್ಕೂ ಹೆಚ್ಚು ಸಿಮೆಂಟಿನ ಮೂರ್ತಿಗಳು: ಬೀಸುವವರು, ಕುಟ್ಟುವವರು, ಮರದ ಕೆಳಗೆ ಕ್ಷೌರ, ಚಮ್ಮಾರಿಕೆ, ಚಿಣ್ಣಿದಾಂಡು, ಒಟ್ಟುಕುಟುಂಬದ ಪಡಸಾಲೆ. ಇಲ್ಲಿ ಯಾರೂ ಕೆಲಸ ಮಾಡುತ್ತಿಲ್ಲ, ಮೂಲ ವಸ್ತುವೂ ಕಡಿಮೆ. ಕಟ್ಟುನಿಟ್ಟಾಗಿ ಹೇಳಿದರೆ ಇದು ವಸ್ತುಸಂಗ್ರಹಾಲಯವೇ ಅಲ್ಲ. ಆದರೂ ಮುಖಗಳಲ್ಲಿರುವ ಜೀವ ಬೇರೆ ಮೂರು ಕಡೆ ಸಿಗದು. ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡ ಕೆನ್ನೆಯ ಉಬ್ಬು, ಕುಂತ ಭಂಗಿಯಲ್ಲಿ ಧೋತರದ ಮಡಿಕೆ ಇಂಥವನ್ನು ಹತ್ತಿರ ಹೋಗಿ ನೋಡಿ. ಉತ್ತರ ಕರ್ನಾಟಕದ ಹಿರಿಯರು ಇಲ್ಲಿ ಒಂದೊಂದು ಮೂರ್ತಿಗೂ ತಮ್ಮೂರಿನವರೊಬ್ಬರ ಹೆಸರಿಡುತ್ತಾ ನಡೆಯುತ್ತಾರೆ. ಫೋಟೊಗೆ ಅಡ್ಡಿಯಿಲ್ಲದ್ದರಿಂದ ಹದಿಹರೆಯದವರೂ ಗೊಣಗುವುದಿಲ್ಲ. ನೆರಳು ಸಾಲದು, ನಡೆ ಜಾಸ್ತಿ, ಮಧ್ಯಾಹ್ನ ಸಿಮೆಂಟು ಕಾದಿರುತ್ತದೆ. ಹುಬ್ಬಳ್ಳಿ ಕಡೆಯವರು ಸಂಜೆ ಹೊತ್ತಿಗೆ ಹೋಗುವುದು ಅದಕ್ಕೇ. ಬೆಂಗಳೂರಿನಿಂದ ಇದೊಂದಕ್ಕಾಗಿ ಹೋಗುವಂಥದ್ದಲ್ಲ, ಹುಬ್ಬಳ್ಳಿ-ಧಾರವಾಡದ ದಾರಿಯಲ್ಲಿ ಇಳಿದು ನೋಡುವಂಥದ್ದು.

ವಾರದ ರಜೆ ನೋಡಿಕೊಂಡು ಹೊರಡಿ. ಜಾನಪದ ಲೋಕ ಮತ್ತು ದಕ್ಷಿಣಚಿತ್ರಕ್ಕೆ ಮಂಗಳವಾರ, ಹಸ್ತಶಿಲ್ಪ ಮತ್ತು ಪಿಲಿಕುಳಕ್ಕೆ ಸೋಮವಾರ. ಶನಿವಾರ-ಭಾನುವಾರಕ್ಕೆ ಸೋಮವಾರದ ರಜೆಯೂ ಕೂಡಿ ಬಂದಾಗ ಕರಾವಳಿಗೆ ಹೋಗುವವರು ಶನಿವಾರವೇ ಮಣಿಪಾಲ ಮುಗಿಸಿ, ಭಾನುವಾರ ಪಿಲಿಕುಳ ನೋಡಿ, ಸೋಮವಾರಕ್ಕೆ ಸಮುದ್ರ ಇಟ್ಟುಕೊಳ್ಳಬೇಕು.