ಬೆರಳಿನ ಆಕ್ಸಿಮೀಟರ್: ಕೊಳ್ಳಬಹುದು, ಪೂರ್ತಿ ನಂಬಬೇಡಿ

ಕೋವಿಡ್ ಕಾಲದಲ್ಲಿ ಮನೆಗೆ ಬಂದ ಪಲ್ಸ್ ಆಕ್ಸಿಮೀಟರ್ ಈಗ ಬಿಪಿ ಮೆಷಿನ್ ಪಕ್ಕದಲ್ಲಿ ಕಾಯಂ ಆಗಿ ಕೂತಿದೆ. ಎರಡು ಸಣ್ಣ ಸೆಲ್, ಒಂದು ಕ್ಲಿಪ್, ಒಂದು ಗುಂಡಿ. ಬಳಸಲು ಇಷ್ಟು ಸುಲಭವಾದ ವೈದ್ಯಕೀಯ ಉಪಕರಣ ಇನ್ನೊಂದು ಸಿಗುವುದು ಕಷ್ಟ. ಆದರೆ ಚರ್ಮ ಕಪ್ಪಗಿದ್ದವರಿಗೆ ಇದು ಇರುವುದಕ್ಕಿಂತ ಹೆಚ್ಚು ಆಮ್ಲಜನಕ ತೋರಿಸುವ ಸಂಭವ ಜಾಸ್ತಿ. ಡಬ್ಬಿಯ ಮೇಲೆ ಈ ಮಾತು ಕಾಣುವುದು ಅಪರೂಪ.

ಕ್ಲಿಪ್ಪಿನ ಒಂದು ಬದಿಯಲ್ಲಿ ಎರಡು ಎಲ್‌ಇಡಿ ಇರುತ್ತವೆ: ಸುಮಾರು 660 ನ್ಯಾನೋಮೀಟರಿನ ಕೆಂಪು, ಸುಮಾರು 940ರ ಇನ್‌ಫ್ರಾರೆಡ್. ಎದುರಿಗೆ ಸೆನ್ಸರ್. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಕೆಂಪನ್ನು ಕಡಿಮೆ ಹೀರುತ್ತದೆ, ಇನ್‌ಫ್ರಾರೆಡ್ಡನ್ನು ಹೆಚ್ಚು. ಆಮ್ಲಜನಕ ಬಿಟ್ಟುಕೊಟ್ಟದ್ದು ಉಲ್ಟಾ. ನಾಡಿ ಬಡಿದಾಗ ಏರಿಳಿಯುವ ಬೆಳಕನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ ಚರ್ಮ, ಮೂಳೆಗಳ ಪಾಲು ತಾನಾಗಿಯೇ ಕಳೆದುಹೋಗುತ್ತದೆ ಎಂಬುದು 1970ರ ದಶಕದ ಆರಂಭದಲ್ಲಿ ಜಪಾನಿನ ಟಕುವೊ ಅವೊಯಾಗಿ ಕಂಡುಕೊಂಡ ಉಪಾಯ. ಕಾಗದದ ಮೇಲೆ ಈ ಯಂತ್ರಕ್ಕೆ ಮೈಬಣ್ಣದ ಗೊಡವೆಯೇ ಇಲ್ಲ.

ಗೊಡವೆ ಶುರುವಾಗುವುದು ಆ ಬೆಳಕಿನ ಅನುಪಾತವನ್ನು ರಕ್ತದ ಆಮ್ಲಜನಕದ ಶೇಕಡಾ ಲೆಕ್ಕಕ್ಕೆ ತರುವಾಗ. ಅದಕ್ಕೊಂದು ಕೋಷ್ಟಕ ಬೇಕು. ಆರೋಗ್ಯವಂತ ಸ್ವಯಂಸೇವಕರಿಗೆ ಕಡಿಮೆ ಆಮ್ಲಜನಕದ ಗಾಳಿ ಉಸಿರಾಡಿಸಿ, ಅಪಧಮನಿಯಿಂದ ರಕ್ತ ತೆಗೆದು, ಯಂತ್ರದ ಅಂಕಿಯೊಂದಿಗೆ ತಾಳೆ ನೋಡಿ ಅದನ್ನು ಸಿದ್ಧಪಡಿಸುತ್ತಾರೆ. ಅಮೆರಿಕದ ಔಷಧ, ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲಿ ಕೊಟ್ಟ ಮಾರ್ಗಸೂಚಿ ಪ್ರಕಾರ ಪರೀಕ್ಷೆಗೆ 10 ಜನ ಸಾಕು. ಅವರಲ್ಲಿ ಇಬ್ಬರು ಅಥವಾ ಶೇ. 15, ಯಾವುದು ಹೆಚ್ಚೋ ಅಷ್ಟು ಮಂದಿ ಕಪ್ಪು ಚರ್ಮದವರಿದ್ದರೆ ಆಯಿತು. ಹೀಗೆ ಸಿದ್ಧವಾದ ಕೋಷ್ಟಕ ಕಪ್ಪು ಚರ್ಮಕ್ಕೆ ಸರಿಯಾಗಿ ಹೊಂದುವುದಿಲ್ಲ. ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ಮೆಲನಿನ್ ಇನ್‌ಫ್ರಾರೆಡ್‌ಗಿಂತ ಕೆಂಪು ಬೆಳಕನ್ನೇ ಹೆಚ್ಚು ನುಂಗುತ್ತದೆ. ಅದರ ಜೊತೆಗೆ ಬೆರಳಲ್ಲಿ ರಕ್ತದ ಓಟವೂ ಕಡಿಮೆಯಿದ್ದರೆ ಅಂಕಿ ಇನ್ನಷ್ಟು ದಾರಿ ತಪ್ಪುತ್ತದೆ.

ಇದು ಗೊತ್ತಿಲ್ಲದ ವಿಷಯವೇನೂ ಆಗಿರಲಿಲ್ಲ. ವೆಂಟಿಲೇಟರ್ ಮೇಲಿದ್ದ ರೋಗಿಗಳ ಮೇಲೆ 1990ರಲ್ಲೇ ಅಧ್ಯಯನ ನಡೆದಿತ್ತು: ಆಮ್ಲಜನಕ ಹೊಂದಿಸುವಾಗ ಯಂತ್ರದ ಅಂಕಿಯಲ್ಲಿ ಬಿಳಿಯರಿಗೆ ಶೇ. 92ರ ಗುರಿ ಸಾಕಾದ ಕಡೆ ಕಪ್ಪು ರೋಗಿಗಳಿಗೆ 95 ಬೇಕು ಎಂದು ಅದು ಹೇಳಿತ್ತು. ಮೂವತ್ತು ವರ್ಷ ಹೆಚ್ಚಿನವರು ತಲೆ ಕೆಡಿಸಿಕೊಳ್ಳಲಿಲ್ಲ. 2020ರ ಡಿಸೆಂಬರಿನಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ತಮ್ಮ ಆಸ್ಪತ್ರೆಯ ಲೆಕ್ಕ ಮುಂದಿಟ್ಟರು. ಯಂತ್ರ 92ರಿಂದ 96 ತೋರಿಸುತ್ತಿದ್ದಾಗ ರಕ್ತದಲ್ಲಿ ನಿಜವಾಗಿ 88ಕ್ಕಿಂತ ಕಡಿಮೆ ಇದ್ದದ್ದು ಬಿಳಿಯರ ಶೇ. 3.6 ಓದುಗಳಲ್ಲಿ, ಕಪ್ಪು ಜನರ ಶೇ. 11.7 ಓದುಗಳಲ್ಲಿ.

ಇಂಥ ಮಾತು ಬಂದರೆ ಸಾಕು, ಇವರಿಗೆ ಎಲ್ಲದರಲ್ಲೂ ಜನಾಂಗವೇ ಕಾಣುತ್ತದೆ, ಸದಾ ಅನ್ಯಾಯದ ರಾಗ ಎನ್ನುವವರಿದ್ದಾರೆ. ಈ ಉಪಕರಣದ ಮುಂದೆ ಆ ವಾದ ನಿಲ್ಲುವುದಿಲ್ಲ. ಇಲ್ಲಿ ಪೆಟ್ಟು ತಿಂದವನು ದೂರುವುದೇ ಇಲ್ಲ, ಅವನ ಪರದೆಯ ಮೇಲೆ 95 ಇರುತ್ತದಲ್ಲ! ನರ್ಸ್ ಕೂಡ ಅದನ್ನೇ ನೋಡಿ ಮುಂದಿನ ಹಾಸಿಗೆಗೆ ಹೋಗುತ್ತಾಳೆ. ಕೋವಿಡ್‌ನಲ್ಲಿ 94ಕ್ಕೋ ಅದಕ್ಕಿಂತ ಕೆಳಗೋ ಇಳಿದರೆ ಆಮ್ಲಜನಕ, ಔಷಧಿ ಎಂಬ ಗೆರೆ ಎಳೆದಿದ್ದ ಕಡೆ, ಗೆರೆ ದಾಟಿದ್ದು ತಡವಾಗಿ ತಿಳಿದದ್ದು ಇಂಥವರದ್ದೇ. ಸರಿ ಅಂಕಿ ಸಿಕ್ಕವರಿಗಂತೂ ಇದೊಂದು ಸವಲತ್ತು ಎಂದು ಅನಿಸುವುದೇ ಇಲ್ಲ. ಕೊಟ್ಟ ಕಾಸಿಗೆ ಯಂತ್ರ ಕೆಲಸ ಮಾಡಿತು, ಅಷ್ಟೇ. ಯಾರೂ ಕೇಡು ಬಗೆದಿಲ್ಲ ಎಂಬುದನ್ನು ಒಪ್ಪೋಣ. ಕೇಡು ಬಗೆಯದೆಯೂ ಮೂವತ್ತು ವರ್ಷ ಹೀಗೆ ನಡೆಯಿತು ಎನ್ನುವುದೇ ನನ್ನ ತಕರಾರು.

ಇನ್ನೊಂದು ಬದಿಗೂ ಒಂದು ಮಾತು. ಮಿಷಿಗನ್ ಅಧ್ಯಯನ ನೋಡಿದ್ದು ದಾಖಲೆಯಲ್ಲಿದ್ದ ಜನಾಂಗವನ್ನು. ಚರ್ಮದ ಬಣ್ಣವನ್ನು ಅಳೆದಿರಲಿಲ್ಲ. ಯಂತ್ರಕ್ಕೆ ಕಾಣುವುದು ಬೆರಳು ಮಾತ್ರ. ಏಷ್ಯನ್ ಎಂಬ ಒಂದೇ ಕಾಲಂನಲ್ಲಿ ಕೊಡಗಿನ ಗೋಧಿಬಣ್ಣದವರೂ ಯಲ್ಲಾಪುರದ ಸಿದ್ದಿಗಳೂ ರಾಯಚೂರಿನ ಬಿಸಿಲಲ್ಲಿ ದುಡಿಯುವವರೂ ಬಂದರೆ ಆ ಕಾಲಂನಿಂದ ಏನು ತಿಳಿದೀತು? ಶ್ವಾಸಕೋಶ ಪರೀಕ್ಷಿಸುವ ಸ್ಪೈರೋಮೀಟರ್‌ನದು ಇದಕ್ಕೆ ತದ್ವಿರುದ್ಧ ತಪ್ಪು. ಅದು ಜನಾಂಗ ಕೇಳಿಕೊಂಡು, ಕಪ್ಪು ಜನರ ಸಾಮರ್ಥ್ಯ ಸಹಜವಾಗಿಯೇ ಶೇ. 10–15 ಕಡಿಮೆ ಎಂದು ಹಿಡಿದು, ಇದ್ದ ಕಾಯಿಲೆಯನ್ನು ಸೌಮ್ಯವಾಗಿಸಿ ತೋರಿಸುತ್ತಿತ್ತು. ಜನಾಂಗ ಬೇಡದ ಸೂತ್ರ 2022ರಲ್ಲಿ ಬಂತು.

ಈಗ ಬಳಕೆಯ ವಿಷಯ. ಐದು ನಿಮಿಷ ಸುಮ್ಮನೆ ಕೂತು, ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ. ನೇಲ್ ಪಾಲಿಶ್ ತೆಗೆಯಿರಿ. ಕಡು ಮೆಹೆಂದಿ ಇದ್ದರೆ ಬೇರೆ ಬೆರಳು ಹಿಡಿಯಿರಿ. ತೋರುಬೆರಳು ಅಥವಾ ನಡುಬೆರಳನ್ನು ಕೊನೆಯವರೆಗೂ ಒಳಗೆ ಹಾಕಿ, ಕೈಯನ್ನು ಎದೆಯ ಮಟ್ಟದಲ್ಲಿ ಅಲ್ಲಾಡಿಸದೆ ಇಡಿ. ಬಿಸಿಲು ನೇರವಾಗಿ ಬೀಳದಿರಲಿ. ಮೊದಲು ಬರುವ ಅಂಕಿಯನ್ನು ಬಿಡಿ. ಅರ್ಧದಿಂದ ಒಂದು ನಿಮಿಷ ಕಾದು, ಐದು ಸೆಕೆಂಡು ಕದಲದೆ ನಿಂತದ್ದನ್ನು ಬರೆದುಕೊಳ್ಳಿ. ಸೌದೆ ಒಲೆ, ಜನರೇಟರ್ ಹೊಗೆಯಲ್ಲಿ ಸಿಕ್ಕಿದ್ದವರಿಗೆ ಇದನ್ನು ಹಾಕಿ ಸಮಾಧಾನಪಟ್ಟುಕೊಳ್ಳಬೇಡಿ; ಕಾರ್ಬನ್ ಮೊನಾಕ್ಸೈಡ್ ಹಿಡಿದ ರಕ್ತವೂ ಇದಕ್ಕೆ ಆಮ್ಲಜನಕ ತುಂಬಿದ ರಕ್ತದಂತೆಯೇ ಕಾಣುತ್ತದೆ.

ಕೊಳ್ಳುವಾಗ ನಾಡಿಯ ಅಲೆ ಮತ್ತು ಪಿಐ (ಬೆರಳಲ್ಲಿ ರಕ್ತದ ಓಟ ಎಷ್ಟು ಬಲವಾಗಿದೆ ಎಂದು ಹೇಳುವ ಅಂಕಿ) ಎರಡನ್ನೂ ತೋರಿಸುವ ಮಾದರಿ ಆರಿಸಿ. ಅಲೆ ಸಮವಾಗಿರದಿದ್ದರೆ ಅಂಕಿಗೆ ಬೆಲೆಯಿಲ್ಲ. ಡಬ್ಬಿಯ ಮೇಲಿನ ±2 ನೋಡಿ ಮರುಳಾಗಬೇಡಿ: ಸುಮಾರು ಮೂರರಲ್ಲಿ ಎರಡು ಓದು ಮಾತ್ರ ಆ ಮಿತಿಯೊಳಗೆ ಬೀಳುತ್ತವೆ. ಪರದೆಯ 90 ನಿಜದಲ್ಲಿ 86 ಇರಬಹುದು, 94ಊ ಇರಬಹುದು. ಯಾವ ಬಣ್ಣದ ಚರ್ಮದ ಮೇಲೆ ಪರೀಕ್ಷಿಸಿದ್ದು ಎಂದು ಅಂಗಡಿಯಲ್ಲಿ ಕೇಳಿ ನೋಡಿ, ಉತ್ತರ ಸಿಗುವುದಿಲ್ಲ. 2025ರ ಜನವರಿಯಲ್ಲಿ ಎಫ್‌ಡಿಎ ಹೊರಡಿಸಿದ ಕರಡು 150ರಷ್ಟು ಜನರನ್ನೂ ಚರ್ಮದ ಬಣ್ಣ ಗುರುತಿಸುವ, ಹತ್ತು ಛಾಯೆಗಳ ಮಾಂಕ್ ಮಾಪನವನ್ನೂ ಕೇಳುತ್ತದೆ. ಅದಕ್ಕೆ ತಕ್ಕಂತೆ ಪರೀಕ್ಷಿಸಿದ್ದು ಎಂದು ಬರೆದ ಮಾದರಿ ಕಂಡರೆ ಸ್ವಲ್ಪ ದುಬಾರಿಯಾದರೂ ಅದನ್ನೇ ತೆಗೆದುಕೊಳ್ಳಿ.

ಬಿಳಿ ಚರ್ಮದವರ ಕೈಯಲ್ಲಿ ಐದಕ್ಕೆ ನಾಲ್ಕು ಅಂಕ, ಕಪ್ಪಗಿರುವವರ ಕೈಯಲ್ಲಿ ಎರಡೂವರೆ. ಕಪ್ಪಗಿರುವವರು ಆರೋಗ್ಯವಾಗಿದ್ದಾಗಲೇ ವಾರಕ್ಕೆರಡು ಸಲ ನೋಡಿ ತಮ್ಮ ಮಾಮೂಲು ಅಂಕಿ ಬರೆದಿಡಬೇಕು. ಅದರಿಂದ ಮೂರು ನಾಲ್ಕು ಇಳಿದರೆ ಪರದೆಯಲ್ಲಿ ಇನ್ನೂ 94 ಇದ್ದರೂ ಡಾಕ್ಟರಿಗೆ ಫೋನ್ ಮಾಡಬೇಕು. ಏದುಸಿರು, ತುಟಿ ಅಥವಾ ವಸಡು ಬೂದುಬಣ್ಣಕ್ಕೆ ತಿರುಗುವುದು, ಮಾತು ತಡವರಿಸುವುದು ಕಂಡರೆ ಅಂಕಿ ಎಷ್ಟೇ ಇರಲಿ, ಆಸ್ಪತ್ರೆಗೆ ಹೋಗಿ ಎಬಿಜಿ (ಅಪಧಮನಿಯ ರಕ್ತ ತೆಗೆದು ಆಮ್ಲಜನಕ ಅಳೆಯುವ) ಪರೀಕ್ಷೆ ಮಾಡಿ ಎಂದು ಬಾಯಿಬಿಟ್ಟು ಕೇಳಿ.